ಮೂರರಲ್ಲಿ ಎರಡು ಪಾಲು

ಉಲ್ಲಾಳ ಅಂದ ತಕ್ಷಣ ಬಹಳ ಜನ ಮಂಗಳೂರು ಕಡೆಯ ಉಳ್ಳಾಲ, ರಾಣಿ ಅಬ್ಬಕ್ಕನ ಊರು ಅಂದುಕೊಳ್ಳುತ್ತಾರೆ. ನಾವಿರುವುದು ಅಲ್ಲಲ್ಲ. ಬೆಂಗಳೂರಿನ ಪಡುವಣಕ್ಕೆ, ಜ್ಞಾನಭಾರತಿಯ ಆಚೆ, ಕೆಂಗೇರಿಗೆ ಈಚೆ ಇರುವ ಉಲ್ಲಾಳ. ಕೆರೆ ಇನ್ನೂ ಇದೆ, ಹೊಲಗಳಿಲ್ಲ. ಹೊಲದ ಮೇಲೆ ಸೈಟು, ಸೈಟಿನ ಮೇಲೆ ಮೂರು ಮಾಳಿಗೆ ಬಾಡಿಗೆ ಮನೆ. ಅಂಥ ಒಂದು ಮನೆಯ ತಾರಸಿ ಮೇಲಿನ ಶೀಟಿನ ರೂಮಿನಲ್ಲಿ ನಾವು ನಾಲ್ವರಿದ್ದೇವೆ. ನಾಲ್ವರೂ ಒಂದೇ ತಾಲ್ಲೂಕಿನ ಕೇರಿಗಳವರು. ಅಪ್ಪ ಅವ್ವ ಹೆಬ್ಬೆಟ್ಟು, ನಾವು ಡಿಗ್ರಿ.

ಮೂವರ ಸರ್ಟಿಫಿಕೇಟಿನಲ್ಲಿ ಪರಿಶಿಷ್ಟ ಜಾತಿ ಅಂತಿದೆ. ನಾಲ್ಕನೆಯವನದರಲ್ಲಿ ಪ್ರವರ್ಗ ಒಂದು. ಅವನು ನಮ್ಮಲ್ಲೊಬ್ಬನ ಸೋದರತ್ತೆಯ ಮಗ. ಅವನ ಮುತ್ತಾತನ ಕಾಲಕ್ಕೆ ಆ ಮನೆಯವರು ಕಿರಸ್ತಾನರಾದರು. ಆದರೂ ಕೇರಿ ಅದೇ, ಕೂಲಿ ಅದೇ, ಹೆಣ್ಣು ಕೊಟ್ಟು ತರುವುದೂ ನಿಲ್ಲಲಿಲ್ಲ. ಅತ್ತೆಯನ್ನು ಆ ಮನೆಗೆ ಕೊಡುವಾಗ ಯಾರೋ ಗೊಣಗಿದ್ದಕ್ಕೆ ಅಜ್ಜಿ ಅಂದಳಂತೆ: “ದ್ಯಾವ್ರು ಬ್ಯಾರೆ ಆದ್ರೇನ್ಲಾ, ಜನ ನಮ್ಮೋರೇ ಅಲ್ವಾ.” ಸರ್ಕಾರ ಮಾತ್ರ ಅಜ್ಜಿಯ ಮಾತು ಕೇಳಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇವೆ.

ಈ ಬರಹಕ್ಕೆ ಕಾರಣ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕ ಒಂದು ದಪ್ಪ ಪುಸ್ತಕ. ಬೈಂಡು ಕಿತ್ತುಹೋಗಿತ್ತು. ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿ ಹಿಂದೂಗಳ ನಡಾವಳಿ, ಆಚಾರ, ವಿಧಿಗಳ ಮೇಲೆ ಬರೆದದ್ದು. ದುಬಾಯ್ ಅಂತಲೂ ಕನ್ನಡದಲ್ಲಿ ಬರೆಯುತ್ತಾರೆ. ಬೋಚಾಂಪ್ ಎಂಬಾತ 1897ರಲ್ಲಿ ಹೊರತಂದ ಇಂಗ್ಲಿಷ್ ಅನುವಾದ ನಮ್ಮ ಕೈಗೆ ಸಿಕ್ಕಿದ್ದು. ನಮ್ಮ ಇಂಗ್ಲಿಷು ಎಷ್ಟರದು ಅಂತ ನಿಮಗೆ ಗೊತ್ತೇ ಇದೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಒಬ್ಬ ಓದಿ ಇನ್ನೊಬ್ಬ ಅರ್ಥ ಹೇಳಿ, ರಾತ್ರಿ ಊಟವಾದ ಮೇಲೆ ಅಷ್ಟಷ್ಟೇ ಓದಿದೆವು.

ಈ ಪಾದ್ರಿ 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದ. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯವನು. ಮೊದಲು ತಮಿಳು ಸೀಮೆ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ನಮ್ಮ ಮೈಸೂರು ಸೀಮೆ. 1784ರಲ್ಲಿ ಟಿಪ್ಪು ಮಂಗಳೂರು ಕಡೆಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ಎಷ್ಟು ಜನ ಎಂಬುದಕ್ಕೆ ಇವತ್ತಿಗೂ ಜಗಳ ಇದೆ. ಹಾಗೆ ಚದುರಿಹೋದವರನ್ನು ಮತ್ತೆ ಕೂಡಿಸುವುದು ಆತನ ಕೆಲಸವಾಯಿತು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಆತನ ಹೆಸರಿನಿಂದಲೇ ಕರೆಯುವ ಚರ್ಚಿದೆ. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟ. ಸಿಡುಬಿನ ಚುಚ್ಚುಮದ್ದನ್ನು ಊರೂರಿಗೆ ಒಯ್ದ. 1803–04ರಲ್ಲಿ 25,000ಕ್ಕೂ ಹೆಚ್ಚು ಜನಕ್ಕೆ ಹಾಕಿಸಿದ ಲೆಕ್ಕ ಇದೆ. ಅಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟಿ ಮಕ್ಕಳನ್ನು ಮಣ್ಣು ಮಾಡುತ್ತಿದ್ದ ಕಾಲ. ಇದನ್ನು ಸಣ್ಣ ಮಾತು ಅಂತ ನಾವು ಅನ್ನುವುದಿಲ್ಲ. ಜನ ಆತನನ್ನು ದೊಡ್ಡಸ್ವಾಮಿಯವರು ಅಂತ ಕರೆದರು. ಆತ ಬಿಳಿ ನಿಲುವಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿ, ನೆಲದ ಮೇಲೆ ಕೂತು, ಇಲ್ಲಿಯವರಂತೆ ಉಣ್ಣುತ್ತಿದ್ದ.

ಬೆಂಗಳೂರಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹಳೇ ದಾರಿ ನಮ್ಮ ಪಕ್ಕದ ಕೆಂಗೇರಿಯ ಮೇಲೇ ಹಾದು ಬಿಡದಿ, ಚನ್ನಪಟ್ಟಣ ಹಿಡಿಯುತ್ತದೆ. 2021ರಿಂದ ಆ ದಾರಿಯ ನೆತ್ತಿ ಮೇಲೆ ಕೆಂಗೇರಿವರೆಗೂ ಮೆಟ್ರೋ ಓಡುತ್ತಿದೆ. ದೊಡ್ಡಸ್ವಾಮಿಯೂ ಈ ದಾರಿ ತುಳಿದಿರಬೇಕು. ತುಳಿದಿದ್ದರೆ ಎಡಕ್ಕೋ ಬಲಕ್ಕೋ ಊರಿಂದ ಮಾರು ದೂರದ ಗುಡಿಸಲುಗಳು ಕಂಡಿರಬೇಕು. ನಮಗೆ ಬೇಕಾದದ್ದು ಆ ಗುಡಿಸಲುಗಳು. ಪುಸ್ತಕದಲ್ಲಿ ಅವು ಇವೆ.

ಒಂದು ಕಡೆ ಬರೆಯುತ್ತಾನೆ: ಸಾಯುತ್ತಿರುವ ಹೊಲೆಯರಿಗೆ ಕಡೆಗಾಲದ ಸಂಸ್ಕಾರ ಕೊಡಲು ಎಷ್ಟೋ ಸಲ ಅವರ ಗುಡಿಸಲಿಗೆ ಹೋಗಬೇಕಾಗುತ್ತಿತ್ತು. ಬಾಗಿಲು ಎಷ್ಟು ಗಿಡ್ಡ ಅಂದರೆ ಅಂಬೆಗಾಲಿಟ್ಟು ನುಗ್ಗಬೇಕು. ಒಳಗೆ ತಡೆಯಲಾಗದ ನಾತ. ಕಟುವಾದ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಮೂಗಿಗೆ ಹಿಡಿದುಕೊಳ್ಳುತ್ತಿದ್ದ. ಬರೀ ನೆಲದ ಮೇಲೋ ಕೊಳೆತ ಚಾಪೆಯ ಮೇಲೋ ಒಂದು ಎಲುಬಿನ ಗೂಡು, ತಲೆಗೆ ಕಲ್ಲೋ ಮರದ ತುಂಡೋ. ಆತ ಪಕ್ಕದಲ್ಲಿ ನೆಲಕ್ಕೆ ಕೂತರೆ ಆ ಜೀವ ಮೊದಲು ಹೇಳುತ್ತಿದ್ದುದು ಪಾಪದ ಮಾತಲ್ಲ. ಚಳಿ, ಹಸಿವು, ಅದರಿಂದ ಸಾಯುತ್ತಿದ್ದೇನೆ ಎಂಬ ಮಾತು. ಕಾಲು ಗಂಟೆ ಕೂತು, ಮೈ ತುಂಬ ಹುಳ ಹತ್ತಿಸಿಕೊಂಡು, ಎದೆ ಒಡೆದುಕೊಂಡು ಹೊರಬರುತ್ತಿದ್ದ. ಹುಳವನ್ನು ಬಿಸಿನೀರು ಹುಯ್ದುಕೊಂಡು ಕಳೆಯಬಹುದಿತ್ತು, ಕಂಡದ್ದನ್ನು ಕಳೆಯಲಾಗಲಿಲ್ಲ ಎಂಬ ಅರ್ಥದಲ್ಲಿ ಬರೆಯುತ್ತಾನೆ.

ಇದನ್ನು ಓದಿದ ರಾತ್ರಿ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆಯ ಮಗ ಅಂದ: “ನಮ್ಮಜ್ಜಿ ಮನೆಗೂ ಹಂಗೇ ಬಗ್ಗಿ ಹೋಗ್ಬೇಕಿತ್ತು ಕಣ್ರೋ.” ನಮ್ಮೆಲ್ಲರ ಅಜ್ಜಿಯರ ಮನೆಗೂ ಹಾಗೇ. ಅಲ್ಲಿಗೆ ಊರಿನ ಗೌಡ ಬಗ್ಗಿ ಬಂದದ್ದನ್ನು ನಾವು ನೋಡಿಲ್ಲ, ಅಯ್ನೋರು ಬಂದದ್ದನ್ನೂ ನೋಡಿಲ್ಲ. ಓಟು ಕೇಳುವವರೂ ಜಗಲಿಯಿಂದಲೇ ಕೈ ಮುಗಿಯುತ್ತಿದ್ದರು. ಈತ ಬಗ್ಗಿದ. ಮೂಗು ಮುಚ್ಚಿಕೊಂಡೇ ಬಗ್ಗಿದ. ನಾವು ಎರಡನ್ನೂ ಬರೆದಿಡುತ್ತೇವೆ.

ಆದರೆ ಇದೇ ಪುಸ್ತಕದ ಇನ್ನೊಂದು ಅಧ್ಯಾಯದಲ್ಲಿ ಇದೇ ಮನುಷ್ಯ ಜಾತಿಪದ್ಧತಿಯನ್ನು ಹಿಂದೂ ಶಾಸನಕಾರರ ಅತ್ಯುತ್ತಮ ಕೃತಿ ಅಂತ ಹೊಗಳುತ್ತಾನೆ. ಜಾತಿಯ ಕಟ್ಟು ಇಲ್ಲದಿದ್ದರೆ ಈ ದೇಶ ಕಾಡುಪಾಲಾಗುತ್ತಿತ್ತಂತೆ. ಅದಕ್ಕೆ ಸಾಕ್ಷಿ ಏನು? ಹೊಲೆಯರನ್ನು ನೋಡಿ ಅನ್ನುತ್ತಾನೆ. ಕಟ್ಟಿನ ಹೊರಗಿರುವುದರಿಂದಲೇ ಅವರು ಹಾಗೆ ಕೆಟ್ಟಿದ್ದಾರಂತೆ. ಗುಡಿಸಲಿನೊಳಗೆ ಎಲುಬಿನ ಗೂಡು ಕಂಡವನಿಗೆ ಆ ಗೂಡು ಮಾಡಿದವರು ಯಾರೆಂಬುದು ಕಾಣಲಿಲ್ಲ. ಕಟ್ಟಿಹಾಕಿದ ಹಗ್ಗವನ್ನು ಹೊಗಳಿ, ಹಗ್ಗದ ಬಿಗಿತಕ್ಕೆ ಸತ್ತವನನ್ನು ನೋಡಿ, ಇವನಿಗೆ ಹಗ್ಗ ಇರಲಿಲ್ಲ ಅದಕ್ಕೇ ಸತ್ತ ಅಂದ ಹಾಗಾಯಿತು.

ಯಾಕೆ ಹೀಗೆ ಅಂತ ನಾವು ಬಹಳ ತಲೆ ಕೆಡಿಸಿಕೊಂಡೆವು. ನಮಗೆ ಹೊಳೆದದ್ದು ಇಷ್ಟು. 1789ರಲ್ಲಿ ಅವನ ದೇಶದ ಬಡವರು ದಂಗೆ ಎದ್ದರು. ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಎಂಬ ಮೂರು ಮಾತು ಹುಟ್ಟಿದ್ದು ಅಲ್ಲಿ. ಬಾಬಾಸಾಹೇಬರು ಅದೇ ಮೂರು ಮಾತನ್ನು ಬುದ್ಧನಿಂದ ಪಡೆದೆ ಅಂದದ್ದು ಬೇರೆ. ಆ ದಂಗೆ ಪಾದ್ರಿಗಳ ಆಸ್ತಿಗೂ ಕತ್ತಿಗೂ ಬಂತು. ಅದರ ನಡುವೆ ಹಡಗು ಹತ್ತಿದವನಿಗೆ ಇಲ್ಲಿ ಎಲ್ಲರೂ ಅವರವರ ಜಾಗದಲ್ಲಿ ತಲೆ ತಗ್ಗಿಸಿ ಕೂತದ್ದು ಶಾಂತಿಯಾಗಿ ಕಂಡಿತು. ಮೇಲಿನವರಿಗೆ ಶಾಂತಿ ಅಂದರೆ ಯಾವಾಗಲೂ ಅದೇ ತಾನೆ. ಆ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ಸ್ಟಾರ್ ಪಗೋಡ ಕೊಟ್ಟು ಕೊಂಡಿತು, 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆಳಬೇಕಾದವರಿಗೆ ಬೇಕಾದ ಪುಸ್ತಕ. ಅದರಲ್ಲಿ ಬಹುಭಾಗ ಕೂರ್ದು ಎಂಬ ಹಿಂದಿನ ಜೆಸುಯಿಟ್ ಪಾದ್ರಿಯ ಬರಹದಿಂದ ಎತ್ತಿದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ವಿದ್ವಾಂಸೆ 1987ರಲ್ಲಿ ತೋರಿಸಿದರು. ಇರಲಿ. ಹೆಸರು ಹಾಕಿಕೊಂಡ ಮೇಲೆ ಮಾತಿನ ಹೊಣೆಯೂ ಹಾಕಿಕೊಂಡವನದೇ.

ಬಗ್ಗಿದ ಅಂದೆವಲ್ಲ, ಆ ಬಗ್ಗುವುದಕ್ಕೂ ಒಂದು ಚರಿತ್ರೆ ಇದೆ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ದೆ ನೊಬಿಲಿ ಕಾವಿ ಉಟ್ಟು, ಜನಿವಾರ ಹಾಕಿ, ಬ್ರಾಹ್ಮಣ ಸನ್ಯಾಸಿಯಂತೆ ಬದುಕಿದ. ಬ್ರಾಹ್ಮಣರು ಬಂದರೆ ಮಿಕ್ಕವರು ಹಿಂದೆ ಬರುತ್ತಾರೆಂಬ ಲೆಕ್ಕ. 1649ರ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಬಂದ ಸಿನ್ನಮಿಯೂ ಸನ್ಯಾಸಿ ವೇಷದವನೇ. ಕೇರಿ ಮುಟ್ಟಿದರೆ ಅಗ್ರಹಾರ ಮುಚ್ಚುತ್ತದೆ. ಅದಕ್ಕೆ ಮೇಲಿನವರಿಗೊಬ್ಬ ಸ್ವಾಮಿ, ಕೆಳಗಿನವರಿಗೆ ಬೇರೆಯ ಪಂಡಾರಸ್ವಾಮಿ. ಇಲ್ಲೂ ಎರಡು ಲೋಟ! ಸಾಯುವ ಹೊಲೆಯನ ಮನೆಯೊಳಕ್ಕೇ ಹೋಗಿ ಸಂಸ್ಕಾರ ಕೊಡಬೇಕೆಂದು ಪೋಪರ ಪ್ರತಿನಿಧಿ ತೂರ್ನೋ 1704ರಲ್ಲಿ ಪುದುಚೇರಿಯಿಂದ ಆಜ್ಞೆ ಹೊರಡಿಸಬೇಕಾಯಿತು. ಅದರ ಮೇಲೆ ನಲವತ್ತು ವರ್ಷ ಜಗಳ. 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಪೋಪರು ತೀರ್ಪು ಕೊಟ್ಟಾಗಲೂ ಉಳಿದ ದಾರಿ ಹೊಲೆಯರಿಗೆ ಬೇರೆ ಪಾದ್ರಿಗಳನ್ನು ಇಡುವುದು. ಏಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿದ್ದಕ್ಕೆ ಯಾರ ಆಜ್ಞೆಯೂ ಬೇಕಾಗಿರಲಿಲ್ಲ. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಕಟ್ಟಿದ ಚರ್ಚು ಷರಾಯಿಯ ಹಾಗೆ ಎರಡು ಕಾಲಿನದು: ಒಂದು ಕಾಲಿನಲ್ಲಿ ಮೇಲ್ಜಾತಿ, ಇನ್ನೊಂದರಲ್ಲಿ ಮಿಕ್ಕವರು, ಸೊಂಟದ ಹತ್ತಿರ ಪೂಜೆಯ ಪೀಠ. ನಡುವಿನ ಗೋಡೆ ಬಿದ್ದದ್ದು 1910ರಲ್ಲಿ.

ದೊಡ್ಡಸ್ವಾಮಿ 1823ರಲ್ಲಿ ಊರಿಗೆ ಹೊರಟ. ಅದೇ ವರ್ಷ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿಯ ಮೇಲೆ ಆತನ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಸೋತವನ ಪತ್ರಗಳು ಅವು. ಹಿಂದೂಗಳನ್ನು ಕ್ರೈಸ್ತರಾಗಿಸುವುದು ಆಗದ ಕೆಲಸ ಅಂತ ವಾದ. ಅಲ್ಲಿ ತನ್ನದೇ ಲೆಕ್ಕ ಒಪ್ಪಿಸುತ್ತಾನೆ. 25 ವರ್ಷ ದುಡಿದು, ದೇಶೀಯ ಪಾದ್ರಿಯೊಬ್ಬನ ನೆರವಿನಿಂದ, ತಾನು ಮಾಡಿದ ಕ್ರೈಸ್ತರು ಇನ್ನೂರರಿಂದ ಮುನ್ನೂರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಅಥವಾ ಭಿಕ್ಷುಕರು. ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಗೆಟ್ಟವರು. ಬಂದದ್ದೂ ದಿಕ್ಕಿಲ್ಲದೆ, ಮದುವೆ ಸಂಬಂಧಕ್ಕೆ, ಏನಾದರೂ ಸಿಕ್ಕೀತೆಂಬ ಆಸೆಗೆ.

ಈ ಪುಟಕ್ಕೆ ನಾವು ಗೆರೆ ಎಳೆದು ಇಟ್ಟಿದ್ದೇವೆ. ಅವನು ಸೋಲು ಅಂತ ಬರೆದ ಅಂಕಣದಲ್ಲಿ ಇರುವವರು ನಮ್ಮ ಜನ. ಬ್ರಾಹ್ಮಣ ಬರಲಿಲ್ಲವೆಂದು ಬಾಗಿಲ ಕಡೆ ನೋಡುತ್ತ ಕೂತವನಿಗೆ, ಆಗಲೇ ಒಳಗೆ ಬಂದು ಮೂಲೆಯಲ್ಲಿ ಕೂತವರು ಜನವಾಗಿ ಕಾಣಲಿಲ್ಲ. ಊರ ಬಾವಿ, ಊರ ಗುಡಿ, ಊರ ಬೀದಿ ಯಾವುದೂ ಇಲ್ಲದವನು ಬಾಗಿಲು ತೆಗೆದ ಒಂದು ಮನೆಗೆ ನಡೆದುಹೋದ. ಇಂದೂ ಇದೇ ಹೀಯಾಳಿಕೆ ಕೇಳುತ್ತೇವೆ: ಹಾಲಿನ ಪುಡಿಗೆ ಹೋದರು, ಗೋಧಿಗೆ ಹೋದರು. ಹೊಟ್ಟೆ ತುಂಬಿದವನು ಮೋಕ್ಷ ಬೇಡಿದರೆ ಭಕ್ತಿ, ಹಸಿದವನು ಅನ್ನ ಬೇಡಿದರೆ ಆಸೆಬುರುಕತನ. ಯಾರು ಮಾಡಿದ ನ್ಯಾಯ ಸ್ವಾಮಿ ಇದು?

ಇನ್ನು ಸರ್ಕಾರದ ಕಥೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಹಿಂದೂವಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಮದರಾಸಿನಲ್ಲಿ ಸೂಸೈ ಎಂಬ ಚಮ್ಮಾರ ಬೀದಿ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ. ಆದಿದ್ರಾವಿಡ, ಕ್ರೈಸ್ತ. 1982ರಲ್ಲಿ ಬೀದಿ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಾಗ ಹಿಂದೂ ಚಮ್ಮಾರರಿಗೆ ಸಿಕ್ಕಿತು, ಸೂಸೈಗೆ ಸಿಗಲಿಲ್ಲ. ಅದೇ ಬೀದಿ, ಅದೇ ಉಳಿ, ಅದೇ ಬಿಸಿಲು. ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಅರ್ಜಿ ಬಿತ್ತು. ಹೊಸ ಧರ್ಮದಲ್ಲೂ ಆ ಜಾತಿಯ ಬಾಧೆ ಅಷ್ಟೇ ಕಠಿಣವಾಗಿ ಮುಂದುವರಿದಿದೆ ಅಂತ ತೋರಿಸಬೇಕು ಎಂಬುದು ತೀರ್ಪಿನ ಸಾರ. ಬೀದಿಯಲ್ಲಿ ಚಪ್ಪಲಿ ಹೊಲಿಯುತ್ತ ಕೂತದ್ದು ಸಾಕ್ಷಿಯಾಗಲಿಲ್ಲ.

ಆ ಸಾಕ್ಷಿಯನ್ನು ಕಡೆಗೆ ಧರ್ಮಸಭೆಯೇ ಬರೆದುಕೊಟ್ಟಿತು. ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಹೊರತಂದು, ತಮ್ಮೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಅದು ಕೊಟ್ಟ ಅಂಕಿ: ದೇಶದ 1 ಕೋಟಿ 90 ಲಕ್ಷ ಕ್ಯಾಥೊಲಿಕರಲ್ಲಿ 1 ಕೋಟಿ 20 ಲಕ್ಷ ದಲಿತರು. ಅತ್ತೆಯ ಮಗ ಮೊಬೈಲಿನಲ್ಲಿ ಭಾಗಿಸಿ ನೋಡಿದ. ಹತ್ತಿರ ಹತ್ತಿರ ಮೂರರಲ್ಲಿ ಎರಡು. ದೊಡ್ಡಸ್ವಾಮಿಯ ಲೆಕ್ಕ! ನೊಬಿಲಿ ಬಂದು ನಾನೂರು ವರ್ಷ ದಾಟಿದ ಮೇಲೆ, 2022ರಲ್ಲಿ, ಹೈದರಾಬಾದಿನ ಆರ್ಚ್‌ಬಿಷಪ್ ಆಂಥೊನಿ ಪೂಲ ಅವರು ಮೊದಲ ದಲಿತ ಕಾರ್ಡಿನಲ್ ಆದರು. ಅದೇ ವರ್ಷ ಕೇಂದ್ರ ಸರ್ಕಾರ ಬಾಲಕೃಷ್ಣನ್ ಆಯೋಗ ನೇಮಿಸಿತು.

“ನೀನ್ಯಾಕೆ ಇನ್ನೂ ಹೋಗ್ತೀಯೋ ಪೂಜೆಗೆ?” ಅಂತ ಅವನನ್ನು ಕೇಳಿದ್ದೇವೆ. ನಮ್ಮಲ್ಲಿ ದೇವರು ಬಿಟ್ಟವರೂ ಇದ್ದಾರೆ, ಬುದ್ಧನ ಪಟ ಇಟ್ಟವರೂ ಇದ್ದಾರೆ. ಅವನು ತಟ್ಟನೆ ಉತ್ತರ ಕೊಡುವವನಲ್ಲ. ಒಂದು ಭಾನುವಾರ ಪೂಜೆ ಮುಗಿಸಿ ಬಂದವನು ಇಡ್ಲಿ ಪೊಟ್ಟಣ ಬಿಚ್ಚುತ್ತಾ ಅಂದ: “ನಮ್ಮ ಮುತ್ತಾತ ನಿಂತು ನೋಡಿದ ದೇವ್ರು ಅದೊಂದೇ ಕಣ್ರೋ. ಬಾಕಿ ದೇವ್ರಿಗೆಲ್ಲಾ ಹೊರಗಿಂದಾನೇ ಕೈ ಮುಗ್ದಿದ್ದ. ಅದನ್ನ ನಾನು ಹೆಂಗ್ ಬಿಡ್ಲಿ? ಜಗಳ ಆಡೋದಾದ್ರೆ ಒಳಗೇ ಕೂತು ಆಡ್ತೀನಿ.”

2025ರ ಅಕ್ಟೋಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಒಬ್ಬ ಟೀಚರಮ್ಮ ನಮ್ಮ ತಾರಸಿ ಮೆಟ್ಟಿಲು ಹತ್ತಿ ಬಂದರು. ಬಿಸಿಲಿಗೆ ಬಾಡಿದ್ದರು, ನೀರು ಕೊಟ್ಟೆವು, ಕುಡಿದರು. ಮೂವರದು ಬೇಗ ಮುಗಿಯಿತು. ಅವನ ಸರದಿ ಬಂತು. ಧರ್ಮ? ಕ್ರೈಸ್ತ. ಜಾತಿ? ಅವನು ನಮ್ಮ ಜಾತಿಯ ಹೆಸರನ್ನೇ ಹೇಳಿದ. ಟೀಚರಮ್ಮ ತಲೆ ಎತ್ತಿ ನೋಡಿದರು. ಜಾತಿಯ ಹೆಸರಿನ ಪಕ್ಕ ಕ್ರಿಶ್ಚಿಯನ್ ಅಂತ ಸೇರಿಸಿದ್ದಕ್ಕೆ ಆಗ ತಾನೇ ಗಲಾಟೆಯಾಗಿ ಕೆಲವು ಹೆಸರುಗಳನ್ನು ಪಟ್ಟಿಯಲ್ಲಿ ಕಾಣದ ಹಾಗೆ ಮಾಡಿದ್ದರು.

“ಎರಡೂ ಹೆಂಗಪ್ಪಾ ಆಗುತ್ತೆ?” ಅಂದರು. ಬೈದ ದನಿಯಲ್ಲ, ನಿಜಕ್ಕೂ ಗೊತ್ತಿಲ್ಲದ ದನಿ.

“ಎರಡೂ ನಾನೇ ಮೇಡಂ,” ಅಂದ. “ನೀವು ಹುಡುಕಿ, ನಾನು ಕಾಯ್ತೀನಿ.”

ಟೀಚರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೊಬೈಲಿನ ಪಟ್ಟಿಯನ್ನು ಮತ್ತೆ ಮೇಲಿಂದ ಎಳೆಯತೊಡಗಿದರು.