ಕಾಗದದ ಮಡಿಕೆಗಳಲ್ಲಿ ಸಹನೆಯ ಪಾಠ

ಕತ್ತರಿ ಬೇಡ, ಅಂಟು ಬೇಡ. ಒಂದೇ ಚೌಕಾಕಾರದ ಹಾಳೆಯನ್ನು ಕ್ರಮಬದ್ಧವಾಗಿ ಮಡಿಚುತ್ತಾ ಹೋದರೆ ಅದರ ಮೈತುಂಬ ಚೌಕಗಳೂ ನಕ್ಷತ್ರಗಳೂ ಸಾಲುಗಟ್ಟುತ್ತವೆ. ಒರಿಗಾಮಿ ಟೆಸಲೇಷನ್ ಎಂಬ ಈ ಕಲೆಯನ್ನು 1970ರ ದಶಕದಲ್ಲಿ ಬೆಳೆಸಿದವರಲ್ಲಿ ಜಪಾನಿನ ಶಿಕ್ಷಕ ಶೂಜೊ ಫುಜಿಮೊಟೊ ಪ್ರಮುಖರು. ಅನಂತರ ಅಮೆರಿಕದ ಕ್ರಿಸ್ ಪಾಮರ್ ಅವರು ಸ್ಪೇನಿನ ಅಲ್‌ಹಂಬ್ರಾ ಅರಮನೆಯ ಅಲಂಕಾರಗಳಿಂದ ಪ್ರೇರಣೆ ಪಡೆದರು. ಮುಸ್ಲಿಮ್ ಕುಶಲಕರ್ಮಿಗಳು ಹೆಂಚಿನಲ್ಲೂ ಗಾರೆಯಲ್ಲೂ ಮೂಡಿಸಿದ್ದ ವಿನ್ಯಾಸಗಳು ಹೀಗೆ ಮಡಿಕೆಗಳಲ್ಲಿ ಮರುಹುಟ್ಟು ಪಡೆದವು. ಕಾಗದ ಮಡಿಚಿ ಜ್ಯಾಮಿತಿ ಕಲಿಸುವ ಕ್ರಮವಂತೂ ನಮಗೆ ಹೊಸದಲ್ಲ. ಟಿ. ಸುಂದರ ರಾವ್ ಅವರು ಆ ಕುರಿತ ಗ್ರಂಥವನ್ನು 1893ರಲ್ಲೇ ಮದ್ರಾಸಿನಲ್ಲಿ ಪ್ರಕಟಿಸಿದ್ದರು.

ಸುಂಕದಕಟ್ಟೆಯ ನಮ್ಮ ಮನೆಗೆ ಈ ಕಲೆ ಬಂದದ್ದು ಅಬ್ಬಾರ ಕಣ್ಣಿನ ಕಾಯಿಲೆಯ ದಿನಗಳಲ್ಲಿ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುತ್ತಾ ನಮ್ಮೆಲ್ಲರನ್ನೂ ಸಾಕಿದವರು ಅವರು. ಗ್ಲಾಕೋಮಾ ಅವರ ದೃಷ್ಟಿಯನ್ನು ಅಂಚುಗಳಿಂದ ಸದ್ದಿಲ್ಲದೆ ಕಬಳಿಸುತ್ತಿತ್ತು. ಹೋದ ದೃಷ್ಟಿ ಮರಳುವುದಿಲ್ಲ, ಔಷಧಿಯಿಂದ ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದು ವೈದ್ಯರು ತಿಳಿಸಿದರು. ಮಾಗಡಿ ರಸ್ತೆ ದಾಟಿ ಇಶಾ ನಮಾಝಿಗೆ ಒಬ್ಬರೇ ಹೋಗುವುದನ್ನು ಅಬ್ಬಾ ನಿಲ್ಲಿಸಿದರು. ಮಾತೂ ಕಡಿಮೆಯಾಯಿತು. ಮಕ್ಕಳು ಶಾಲೆಯಿಂದ ಈ ಮಡಿಕೆಯನ್ನು ಕಲಿತು ಬಂದಾಗ ಪುಸ್ತಕಕ್ಕೆ ಹೊದಿಸುವ ಬ್ರೌನ್ ಪೇಪರನ್ನು ಅವರ ಕೈಗೂ ಕೊಟ್ಟೆವು.

ಮೊದಲು ಹಾಳೆಯನ್ನು ಅರ್ಧಕ್ಕೆ, ಅದನ್ನು ಮತ್ತೆ ಅರ್ಧಕ್ಕೆ ಮಡಿಚುತ್ತಾ ಉದ್ದಕ್ಕೂ ಅಡ್ಡಕ್ಕೂ 16 ಸಮಭಾಗ ಮಾಡಬೇಕು. ಆಗ 256 ಚೌಕಗಳಾಗುತ್ತವೆ. ಒಂದು ಗೆರೆ ಕೂದಲೆಳೆಯಷ್ಟು ಓರೆಯಾದರೂ ಆ ಓರೆ ಮುಂದಿನ ಗೆರೆಗಳಿಗೆ ದಾಟುತ್ತದೆ. ಬಳಿಕ ಆಯ್ದ ಚೌಕಗಳಿಗೆ ಮೂಲೆಯಿಂದ ಮೂಲೆಗೆ ಗೆರೆ ಹಾಕಬೇಕು. ಗಂಟೆಗಟ್ಟಲೆ ದುಡಿದರೂ ಕೈಯಲ್ಲಿರುವುದು ಸುಕ್ಕುಗಟ್ಟಿದ ಹಾಳೆ ಮಾತ್ರ. ಕೊನೆಗೆ ನಡುವಿನ ಚೌಕವನ್ನು ಮೆಲ್ಲನೆ ತಿರುಗಿಸಿದಾಗ ಸುತ್ತಲಿನ ನಾಲ್ಕು ನೆರಿಗೆಗಳೂ ಒಟ್ಟಿಗೆ ಮಲಗುತ್ತವೆ. ಒಂದನ್ನು ಬಿಟ್ಟು ಉಳಿದ ಮೂರನ್ನು ಕೂರಿಸಲಾಗದು. ನಮ್ಮ ಕಣ್ಣು ಹುಡುಕುತ್ತಿದ್ದ ಗೆರೆಗಳನ್ನು ಅಬ್ಬಾರ ಬೆರಳುಗಳು ಸಲೀಸಾಗಿ ಕಂಡುಕೊಂಡವು. ನೆರಿಗೆ ಕೂರಿಸುವುದು ಆ ಕೈಗಳಿಗೆ ಹಳೆಯ ವಿದ್ಯೆ.

ಒಂದು ಸಂಜೆ ಅವರು ಒಂದು ಚೌಕದ ಮೇಲೆ ಅದೇ ಅಳತೆಯ ಇನ್ನೊಂದನ್ನು ಓರೆಯಾಗಿಟ್ಟು ಎಂಟು ಮೂಲೆಗಳನ್ನು ಎಣಿಸಿದರು. “ಗೋಲ್ ಗುಂಬಝ್ ನಿಂತಿರುವುದು ಹೀಗೆಯೇ,” ಎಂದರು. ತಾರುಣ್ಯದಲ್ಲಿ ನೋಡಿದ್ದನ್ನು ಅವರು ಮರೆತಿರಲಿಲ್ಲ. ವಿಜಯಪುರದಲ್ಲಿ, 1656ರಲ್ಲಿ ನಿಧನರಾದ ಮುಹಮ್ಮದ್ ಆದಿಲ್ ಶಾಹರ ಆ ಸಮಾಧಿ ಭವನದಲ್ಲಿ ಚೌಕಾಕಾರದ ಹಜಾರದ ಮೇಲೆ ದುಂಡನೆಯ ಗುಮ್ಮಟವಿದೆ. ಪರಸ್ಪರ ಹೆಣೆದುಕೊಂಡ ಕಮಾನುಗಳು ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಆಕಾರದಲ್ಲಿ ನಿಂತು ಆ ಗುಮ್ಮಟವನ್ನು ಹೊತ್ತಿವೆ. ಭಾರ ಯಾವ ಒಂದು ಕಮಾನಿನ ಮೇಲೂ ಬಿದ್ದಿಲ್ಲ.

ಗ್ಲಾಕೋಮಾ ಇರುವವರ ರಕ್ತಸಂಬಂಧಿಗಳಿಗೆ ಅದರ ಅಪಾಯ ಹೆಚ್ಚು. ಆದ್ದರಿಂದ ನಾವೂ ತಪಾಸಣೆ ಮಾಡಿಸಿಕೊಂಡೆವು. ನಮ್ಮ ತಮ್ಮನ ಕಣ್ಣಿನಲ್ಲೂ ಅದರ ಆರಂಭದ ಲಕ್ಷಣಗಳು ಕಂಡವು. ಸಕಾಲದಲ್ಲಿ ತಿಳಿದದ್ದರಿಂದ ಔಷಧಿ ಶುರುವಾಗಿದೆ, ಅಲ್‌ಹಮ್ದುಲಿಲ್ಲಾಹ್. ಓದುಗರೂ, ವಿಶೇಷವಾಗಿ ನಲ್ವತ್ತು ದಾಟಿದವರು, ಈ ತಪಾಸಣೆಯನ್ನು ಮುಂದೂಡಬಾರದೆಂದು ವಿನಂತಿಸುತ್ತೇವೆ. ನೋವಿಲ್ಲದ ಕಾಯಿಲೆ ತಾನಾಗಿ ಎಚ್ಚರಿಸುವುದಿಲ್ಲ.

ಕಣ್ಣು ಅಲ್ಲಾಹನು ನಮ್ಮಲ್ಲಿಟ್ಟ ಅಮಾನತ್ತು ಎಂದು ಅಬ್ಬಾ ಹೇಳುತ್ತಾರೆ. ಉಳಿದಿರುವಷ್ಟನ್ನು ಜೋಪಾನ ಮಾಡುವುದು, ಇರುವಾಗಲೇ ಒಳ್ಳೆಯದಕ್ಕೆ ಬಳಸುವುದು ನಮ್ಮ ಹೊಣೆ. ಈಗ ಅವರು ಪ್ರತಿ ಭಾನುವಾರ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಣ್ಣು ಮುಚ್ಚಿ ಹಾಳೆ ಮಡಿಚುವುದನ್ನು ಕಲಿಸುತ್ತಿದ್ದಾರೆ.