ಶಾಲೆಯ ಹೋಮ್ ಥಿಯೇಟರ್ ಮತ್ತು ನಡುವಿನ ಸ್ಪೀಕರ್

ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡುವುದೆಂದರೆ ಗೋಡೆ ಗಡಿಯಾರ, ಇಲ್ಲವೆ ಪ್ಲಾಸ್ಟಿಕ್ ಖುರ್ಚಿ. ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಗೆ ಮಾತ್ರ, ಪುಣೆಯಲ್ಲಿ ನೌಕರಿ ಮಾಡುವ ಹಳೆಯ ಹುಡುಗನೊಬ್ಬ ತಾನು ಬಳಸಿದ ಹೋಮ್ ಥಿಯೇಟರನ್ನೇ ಟೆಂಪೋದಲ್ಲಿ ಹಾಕಿ ಕಳಿಸಿದ. ಒಂದು ರಿಸೀವರ್, ಐದು ಸ್ಪೀಕರ್, ಒಂದು ಸಬ್‌ವೂಫರ್, ಗೋಣಿಚೀಲದ ತುಂಬ ವೈರು. ಜೋಡಿಸುವುದು ಹೇಗೆಂದು ಹೇಳುವ ಪುಸ್ತಕ ಬರಲಿಲ್ಲ. ನಾವಿರುವುದು ಇಬ್ಬರೇ ಶಿಕ್ಷಕರು. ಟಿ.ಸಿ.ಎಚ್.ನಲ್ಲಿ ನಮಗೆ ಫ್ಲಾನೆಲ್ ಬೋರ್ಡು ಮಾಡಲು ಕಲಿಸಿದ್ದರು, ಇದನ್ನಲ್ಲ!

ಶಾಲೆಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ನಮ್ಮ ಮಕ್ಕಳಿಗೆ ಬಾಲಭಾರತಿಯ ಕನ್ನಡ ಪುಸ್ತಕವಿದೆ, ಮನೆಯಲ್ಲಿ ಅವ್ವನ ಕನ್ನಡವಿದೆ. ಆದರೆ ಬಸ್ಸಿನ ಬೋರ್ಡು, ಕಚೇರಿಯ ಅರ್ಜಿ ಎಲ್ಲ ಮರಾಠಿ. ನಮ್ಮ ಊರಿನದಲ್ಲದ ಬೇರೆ ಕನ್ನಡ ಕಿವಿಗೆ ಬೀಳುವುದೇ ಅಪರೂಪ. ಹಾಗಾಗಿ ನಮಗೆ ಬೇಕಾಗಿದ್ದದ್ದು ಗುಡುಗು, ಸಿಡಿಲಿನ ಸದ್ದಲ್ಲ. ಮಾತು.

ಜೋಡಣೆ ನೋಡಲು ಗಾಬರಿ, ಮಾಡಲು ಸುಲಭ. ಮೊದಲು ಪ್ಲಗ್ ಕೀಳಬೇಕು, ಇದರಲ್ಲಿ ರಾಜಿ ಇಲ್ಲ. ಲ್ಯಾಪ್‌ಟಾಪಿನಿಂದ ಒಂದು ಎಚ್‌ಡಿಎಂಐ ವೈರು ರಿಸೀವರಿನ 'ಇನ್'ಗೆ, ಅದರ 'ಔಟ್'ನಿಂದ ಇನ್ನೊಂದು ಟಿವಿಗೆ. ಚಿತ್ರ, ಶಬ್ದ ಎರಡೂ ಅದರಲ್ಲೇ ಹೋಗುತ್ತವೆ. ನಿಮ್ಮಲ್ಲಿ ಹಳೆಯ ಡಿವಿಡಿ ಪ್ಲೇಯರ್ ಇದ್ದರೆ ಮೂರು ಬಣ್ಣದ ವೈರು: ಹಳದಿ ಚಿತ್ರಕ್ಕೆ, ಬಿಳಿ ಎಡ ಶಬ್ದಕ್ಕೆ, ಕೆಂಪು ಬಲಕ್ಕೆ. ಸ್ಪೀಕರ್ ವೈರಿನಲ್ಲಿ ಒಂದು ಎಳೆಗೆ ಗೆರೆಯೋ ಬಣ್ಣವೋ ಇರುತ್ತದೆ. ಅದನ್ನು ಎರಡೂ ತುದಿಯಲ್ಲಿ ಕೆಂಪಿಗೇ ಕೊಡಬೇಕು. ಒಂದು ಸ್ಪೀಕರಿನದು ಅದಲುಬದಲಾದರೂ ದನಿ ಬರುತ್ತದೆ, ಆದರೆ ತೆಳ್ಳಗಾಗಿ ಎಲ್ಲಿಂದಲೋ ಬಂದಂತೆ ಕೇಳುತ್ತದೆ. ತಾಮ್ರದ ಒಂದು ಕೂದಲೆಳೆಯೂ ಪಕ್ಕದ ತುದಿಗೆ ತಾಗಬಾರದು, ತಾಗಿದರೆ ರಿಸೀವರ್ ತಾನೇ ಬಂದಾಗಬಹುದು, ಸುಟ್ಟರೂ ಸುಟ್ಟೀತು. ಎಲ್ಲ ಸರಿಯಿದ್ದೂ ಟಿವಿ ಕಪ್ಪಗೇ ಇದ್ದರೆ ರಿಮೋಟಿನಲ್ಲಿ 'ಸೋರ್ಸ್' ಒತ್ತಿ ನೋಡಿ.

ಈ ಐದರಲ್ಲಿ ಟಿವಿಯ ಕೆಳಗೆ ಅಡ್ಡ ಮಲಗಿಸಿ ಇಡುವ ನಡುವಿನ ಸ್ಪೀಕರೇ ಯಜಮಾನ. 5.1 ಶಬ್ದದ ಸಿನಿಮಾಗಳಲ್ಲಿ ಪಾತ್ರಗಳ ಮಾತು ಬಹುಪಾಲು ಅದೊಂದರಲ್ಲೇ ಬರುತ್ತದೆ. ಸಂಗೀತ ಎಡಬಲಕ್ಕೆ, ಮಳೆ ಗಾಳಿ ಹಿಂದಿನೆರಡಕ್ಕೆ, ದಪ್ಪ ಸದ್ದು ಸಬ್‌ವೂಫರಿಗೆ. ಇದು ನಮಗೆ ತಿಳಿದದ್ದು ಒಂದು ಇಲಿಯಿಂದ.

ಜನವರಿ 26ರ ಸಂಜೆ ಪಾಲಕರನ್ನೆಲ್ಲ ಕರೆದು 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಹಾಕಿದೆವು. ಕೇರಳದ ಗಡಿಯಲ್ಲಿ ಮುಚ್ಚಿಸಲು ಹೊರಟ ಕನ್ನಡ ಶಾಲೆಯೊಂದರ ಕಥೆ. ಹಿಂದಿನ ದಿನ ಹಾಕಿ ನೋಡಿದಾಗ ಎಲ್ಲ ಸರಿಯಿತ್ತು. ಈಗ ಸಂಗೀತ ಬಂತು, ಗದ್ದಲ ಬಂತು, ಮಾತು ಬರಲಿಲ್ಲ! ಹಿಂದೆ ಕುಳಿತ ಅಜ್ಜ ಒಬ್ಬರು, "ಗುರೂಜಿ, ಬಾಯಿ ಆಡ್ಸತಾರ, ಮಾತ ಕೇಳವಲ್ದು" ಅಂದರು. ಎಲ್ಲರೂ ನಕ್ಕರು. ನಮಗೆ ನಗು ಬರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದವರೊಬ್ಬರು ಆ ವಾರವೇ ಮಗಳ ದಾಖಲೆ ಕೇಳಿದ್ದರು, ಮರಾಠಿ ಶಾಲೆಗೆ ಹಾಕಲು. ನಮ್ಮಲ್ಲಿ ಒಂದು ಹೆಸರು ಕಡಿಮೆಯಾದರೂ ಹಾಜರಿ ಪುಸ್ತಕದಲ್ಲಿ ಕಾಣುತ್ತದೆ.

ಕಪಾಟಿನ ಹಿಂದೆ ಟಾರ್ಚ್ ಹಿಡಿದಾಗ ನಡುವಿನ ಸ್ಪೀಕರಿನ ವೈರನ್ನು ಇಲಿ ಎರಡು ಕಡೆ ಕಡಿದಿತ್ತು. ಬೇರೆ ವೈರು ಇರಲಿಲ್ಲ. ರಿಸೀವರಿನ ಸ್ಪೀಕರ್ ಸೆಟ್ಟಿಂಗಿಗೆ ಹೋಗಿ 'ಸೆಂಟರ್' ಎಂಬಲ್ಲಿ 'ನನ್' ಎಂದು ಕೊಟ್ಟೆವು. ಹಾಗೆ ಕೊಟ್ಟರೆ ಯಂತ್ರ ನಡುವಿನ ಮಾತನ್ನು ಎಡಬಲಕ್ಕೆ ಸಮನಾಗಿ ಹಂಚುತ್ತದೆ, ಎದುರು ಕುಳಿತವರಿಗೆ ಪರದೆಯಿಂದಲೇ ಬಂದಂತೆ ಕೇಳುತ್ತದೆ. ಇದನ್ನು ಗುರುತು ಹಾಕಿ ಇಟ್ಟುಕೊಳ್ಳಿ, ನಡುವಿನ ಸ್ಪೀಕರ್ ಕೆಟ್ಟಾಗ ನಿಮಗೂ ಬೇಕಾದೀತು.

ಸಿನಿಮಾ ಮತ್ತೆ ಮೊದಲಿನಿಂದ ಹಾಕಿದೆವು. ಸ್ವಲ್ಪ ಹೊತ್ತಿಗೆ ಮೂರನೇ ತರಗತಿಯ ಹುಡುಗ, "ಸರ, ಇವ್ರು ಮಾತಾಡೂದು ಯಾವ ಕನ್ನಡರಿ?" ಅಂದ. ಕಾಸರಗೋಡಿನದು ಅಂದೆವು. "ಹಂಗಾರ ನಮ್ದು?" ಜತ್ತದ್ದು ಅಂದೆವು. ಅವನಿಗೆ ಅದು ಬಹಳ ಸೇರಿತು, ಪಕ್ಕದವನಿಗೂ ಹೇಳಿದ.

ಮುಗಿದ ಮೇಲೆ ದಾಖಲೆ ಕೇಳಿದ್ದ ಆ ತಂದೆ ಖುರ್ಚಿ ಎತ್ತಿಡಲು ನಿಂತರು. "ಅಲ್ಲೀನೂ ನಮ್ಮಂಗ ಅದಾರೇನ್ರಿ ಗುರೂಜಿ?" ಅಂತ ಕೇಳಿದರು. ಇದ್ದಾರೆ, ಅಲ್ಲಿ ಅವರ ಸುತ್ತ ಮಲಯಾಳ, ನಮ್ಮ ಸುತ್ತ ಮರಾಠಿ ಅಂದೆವು. ದಾಖಲೆಯ ಮಾತು ಅವರು ತೆಗೆಯಲಿಲ್ಲ, ನಾವೂ ಕೆದಕಲಿಲ್ಲ. ಜೂನ್ ಬರಲಿ.

ಹೊಸ ವೈರನ್ನು ಪಿವಿಸಿ ಪೈಪಿನೊಳಗೆ ಹಾಕಿ ಎಳೆದಿದ್ದೇವೆ. ಶನಿವಾರ ಜೋಡಿಸುವ ಕೆಲಸ ಈಗ ಏಳನೇ ತರಗತಿಯ ಹುಡುಗಿಯರದು, ನಮ್ಮನ್ನು ಹತ್ತಿರ ಬಿಡುವುದಿಲ್ಲ.