ನಿಧಾನಕ್ಕೆ ನಿದಾನ

ಕನ್ನಡದಲ್ಲಿ ನಿಧಾನವೆಂದರೆ ಸಾವಕಾಶ. ಸಂಸ್ಕೃತದಲ್ಲಿ ನಿದಾನವೆಂದರೆ ಮೂಲಕಾರಣ. ಒಂದು ಮಹಾಪ್ರಾಣದಷ್ಟೇ ಅಂತರವುಳ್ಳ ಈ ಎರಡು ಶಬ್ದಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ನಮ್ಮ ವಿದ್ಯಾರ್ಥಿಗಳು ಬರೆಯುತ್ತಲೇ ಬಂದರು; ನಾವೂ ಕೆಂಪು ಮಸಿಯಿಂದ ತಿದ್ದುತ್ತಲೇ ಬಂದೆವು. ವೈದ್ಯಶಾಸ್ತ್ರದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಅನಂತರ. ಲೋಕದಲ್ಲಿಯಾದರೋ ನಿಧಾನವನ್ನು ಕಂಡೊಡನೆ ನಿದಾನವನ್ನು ಬಿಟ್ಟು ದಂಡನೆಗೆ ತೊಡಗುವದೇ ವಾಡಿಕೆ. ಈ ಮಾತು ಗಣಕಯಂತ್ರಕ್ಕೂ ಸಲ್ಲುವದೆಂಬದನ್ನು ನಿವೃತ್ತರಾದ ಮೇಲೆ ನಾವು ಗಂಗಾವತಿಯಲ್ಲಿ ಕಂಡೆವು.

ತುಂಗಭದ್ರೆಯ ಕಾಲುವೆಯ ನೀರುಂಡ ಆ ಸೀಮೆ ಭತ್ತಕ್ಕೆ ಹೆಸರಾದುದು. ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಚೀಟಿ, ರೈತರ ಲೆಕ್ಕ, ಹಮಾಲರ ಕೂಲಿ ಇವೆಲ್ಲವೂ ಒಂದು ಹಳೆಯ ಸರ್ವರಿನಲ್ಲಿ ಇರುತ್ತಿದ್ದವು. ಸುಗ್ಗಿಯ ಕಾಲದಲ್ಲಿ ಆ ಯಂತ್ರವು ಒಮ್ಮೆಲೆ ಮಂದವಾಯಿತು. ಒಂದು ಚೀಟಿ ಹೊರಬರುವಷ್ಟರಲ್ಲಿ ಹೊರಗೆ ನಾಲ್ಕು ಟ್ರ್ಯಾಕ್ಟರುಗಳು ಸಾಲುಗಟ್ಟುತ್ತಿದ್ದವು. ಚೀಟಿ ಬರೆಯುವ ಹುಡುಗಿ ಮಳೆಯನ್ನೇ ನಂಬಿದ ಕುಷ್ಟಗಿ ಕಡೆಯವಳು. ಅವಳ ಸಂಬಳದಿಂದಲೇ ಮನೆ ನಡೆಯಬೇಕು. ಸಾಹುಕಾರರು ಅವಳ ಕೈಯೇ ಸಾವಕಾಶವೆಂದು ಬಗೆದು, ತಿಂಗಳ ಕೊನೆಗೆ ಅವಳನ್ನು ಬಿಡಿಸುವದೆಂದೂ ಹೊಸ ಸರ್ವರನ್ನು ಕೊಳ್ಳುವದೆಂದೂ ನಿಶ್ಚಯಿಸಿದ್ದರು.

ಯಲಬುರ್ಗಾದಲ್ಲಿ ನಮ್ಮಿಂದ ಸಂಸ್ಕೃತ ಕಲಿತ ಶಿಷ್ಯನೊಬ್ಬನು ಈಗ ಕೊಪ್ಪಳದಲ್ಲಿದ್ದು ಇಂಥ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ಅವನು ಗಿರಣಿಗೆ ಹೊರಟ ದಿನ ನಮ್ಮನ್ನೂ ಕರೆದುಕೊಂಡು ಹೋದನು. ಆ ಸರ್ವರು ನಡೆಯುತ್ತಿದ್ದುದು ಲಿನಕ್ಸಿನ ಮೇಲೆ. 1969ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸಿನ ಮಾದರಿಯಲ್ಲಿ ರಚಿತವಾದುದು ಅದು.

ಶಿಷ್ಯನು ‘ಟಾಪ್’ ಎಂಬ ಆಜ್ಞೆಯನ್ನು ಕೊಟ್ಟನು. ಪ್ರೊಸೆಸರಿನ ಹೊತ್ತು ಯಾವ ಯಾವ ಬಾಬಿಗೆ ವೆಚ್ಚವಾಗುತ್ತಿದೆಯೆಂಬ ಜಮಾಖರ್ಚು ತೆರೆಯ ಮೇಲೆ ಮೂಡಿತು. “ಗುರುಗಳೇ, ‘ಯುಎಸ್’ ಹೆಚ್ಚಿದ್ದರೆ ಲೆಕ್ಕದ ಪ್ರೋಗ್ರಾಮೇ ದುಡಿಯುತ್ತಿದೆಯೆಂದು ಅರ್ಥ, ‘ಡಬ್ಲ್ಯುಎ’ ಹೆಚ್ಚಿದ್ದರೆ ಡಿಸ್ಕಿಗಾಗಿ ಕಾಯುತ್ತಿದೆಯೆಂದು ಅರ್ಥ. ಇಲ್ಲಿ ಅವೆರಡೂ ಕಡಿಮೆ. ‘ಎಚ್‌ಐ’, ‘ಎಸ್‌ಐ’ ಇವೆರಡೇ ಉಬ್ಬಿವೆ ನೋಡಿರಿ” ಎಂದನು. ಇವೆರಡೂ ಇಂಟರಪ್ಟಿನ ಬಾಬುಗಳು.

ಇಂಟರಪ್ಟ್ ಎಂದರೇನು? ಗೃಹಿಣಿಯು ಹೋಳಿಗೆ ಲಟ್ಟಿಸುತ್ತಿರುವಾಗ ಬಾಗಿಲು ಬಡಿದ ಸದ್ದಾಗುತ್ತದೆ. ಲಟ್ಟಣಿಗೆಯನ್ನು ಇಟ್ಟು, ಕೈ ತೊಳೆದು, ಬಾಗಿಲು ತೆರೆದು, ಬಂದವರನ್ನು ಕಳಿಸಿ, ಮತ್ತೆ ಬಂದು ಕೂಡ್ರಬೇಕು. ಗಳಿಗೆಗೊಮ್ಮೆ ಬಾಗಿಲು ಬಡಿದರೆ ದಿನವಿಡೀ ಓಡಾಡಿಯೂ ಒಂದು ಹೋಳಿಗೆಯಾಗದು. ಯಂತ್ರದೊಳಗೂ ಡಿಸ್ಕು, ಕೀಲಿಮಣೆ, ನೆಟ್‌ವರ್ಕ್ ಕಾರ್ಡು ಇವೆಲ್ಲ ಹೀಗೆಯೇ ಬಾಗಿಲು ಬಡಿದು ಪ್ರೊಸೆಸರನ್ನು ಎಬ್ಬಿಸುತ್ತವೆ. ಬಡಿತಗಳು ಮಿತಿಮೀರಿದರೆ ಕೆಲಸವೇನೂ ಸಾಗದೆ ದಣಿವು ಮಾತ್ರ ಉಳಿಯುತ್ತದೆ.

ಇದು ಅಳೆದು ನೋಡಿದ ಸಂಗತಿ. ಜೆಫ್ರಿ ಮೋಗುಲ್ ಎಂಬವರೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಕೆ. ಕೆ. ರಾಮಕೃಷ್ಣನ್ ಅವರೂ 1996ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರು ಒಂದು ಯುನಿಕ್ಸ್ ಯಂತ್ರಕ್ಕೆ ಸಂದೇಶಗಳನ್ನು ಶೋಧಿಸಿ ಮುಂದಕ್ಕೆ ಕಳಿಸುವ ಕೆಲಸವನ್ನು ವಹಿಸಿದ್ದರು. ಸೆಕೆಂಡಿಗೆ ಸುಮಾರು 2,000 ಸಂದೇಶಗಳನ್ನು ಮೀರಿದೊಡನೆ ಅದರ ಕೆಲಸ ಕುಗ್ಗಿತು; ಸುಮಾರು 6,000ಕ್ಕೆ ಬಂದಾಗ ಒಂದೂ ಹೊರಬೀಳಲಿಲ್ಲ. ಬಂದುದನ್ನು ಬರಮಾಡಿಕೊಳ್ಳುವದರಲ್ಲಿಯೇ ಅದರ ಹೊತ್ತೆಲ್ಲ ಕಳೆಯುತ್ತಿತ್ತು. ಅವರು ಹೇಳಿದ ಉಪಾಯ ಸರಳವಾದುದು: ಮೊದಲ ಬಡಿತಕ್ಕೆ ಎದ್ದು, ಮುಂದಿನ ಬಡಿತಗಳನ್ನು ತಡೆದಿಟ್ಟು, ಬಂದುದನ್ನು ಒಂದು ಮಿತಿಯೊಳಗೆ ತಾನೇ ಎಣಿಸಿ ತೆಗೆದುಕೊಳ್ಳುವದು. ಟಪಾಲಿನವನು ಕಾಗದಕ್ಕೊಮ್ಮೆ ಕೂಗದೆ ಕಟ್ಟನ್ನು ಒಮ್ಮೆಲೆ ಇಟ್ಟುಹೋದಂತೆ. ಇಂದಿನ ಲಿನಕ್ಸಿನಲ್ಲಿಯೂ ಇಂಥದೇ ಏರ್ಪಾಡು ಉಂಟು. ಆದರೂ ಬರುವ ಹೊರೆಯೇ ಅಪಾರವಾದರೆ ಯಾವ ಏರ್ಪಾಡೂ ಬಳಲುತ್ತದೆ.

ಹಾಗಾದರೆ ಗಿರಣಿಯ ಬಾಗಿಲನ್ನು ಬಡಿಯುತ್ತಿದ್ದವರಾರು? ಲಿನಕ್ಸು ಪ್ರತಿಯೊಂದು ಉಪಕರಣದ ಬಡಿತಗಳನ್ನೂ ಒಂದು ಪಟ್ಟಿಯಲ್ಲಿ ಎಣಿಸಿಡುತ್ತದೆ. ಶಿಷ್ಯನು ಅದನ್ನು ಒಮ್ಮೆ ಬರೆದುಕೊಂಡನು. ಹತ್ತು ಸೆಕೆಂಡು ಬಿಟ್ಟು ಮತ್ತೊಮ್ಮೆ ಬರೆದುಕೊಂಡು, ಎರಡನೆಯದರಲ್ಲಿ ಮೊದಲನೆಯದನ್ನು ಕಳೆದನು. ನೆಟ್‌ವರ್ಕ್ ಕಾರ್ಡಿನ ಸಾಲೊಂದು ಮಾತ್ರ ಉಳಿದೆಲ್ಲವನ್ನೂ ಮೀರಿ ಬೆಳೆದಿತ್ತು. ಅದೂ ನಾಲ್ಕು ಕೋರುಗಳಲ್ಲಿ ಒಂದರ ತಲೆಯ ಮೇಲೆಯೇ. ಅವನು ತಂತಿಯ ಜಾಡು ಹಿಡಿದು ಗೋದಾಮಿನವರೆಗೆ ನಡೆದನು. ಅಲ್ಲಿ ತಂತಿಗಳೆಲ್ಲ ಕೂಡುವ ಸ್ವಿಚ್ಚೆಂಬ ಪೆಟ್ಟಿಗೆಯಲ್ಲಿ ಒಂದೇ ತಂತಿಯ ಎರಡು ತುದಿಗಳೂ ಸಿಕ್ಕಿಸಲ್ಪಟ್ಟಿದ್ದವು! ಕಸ ಗುಡಿಸುವಾಗ ಜೋಲಾಡುತ್ತಿದ್ದ ತುದಿಯನ್ನು ಯಾರೋ ಸದ್ಭಾವದಿಂದಲೇ ಖಾಲಿ ರಂಧ್ರಕ್ಕೆ ಸೇರಿಸಿದ್ದರು. ಎಲ್ಲರನ್ನೂ ಉದ್ದೇಶಿಸಿ ಹೊರಟ ಸಂದೇಶವು ಆ ಬಳೆಯೊಳಗೆ ಸಿಕ್ಕಿ, ಗಾಣದೆತ್ತಿನಂತೆ ಕೊನೆಯಿಲ್ಲದೆ ಸುತ್ತುತ್ತ, ಪ್ರತಿ ಸುತ್ತಿಗೂ ಸರ್ವರನ್ನು ಎಬ್ಬಿಸುತ್ತಿತ್ತು. ತಂತಿಯನ್ನು ಕಿತ್ತೊಡನೆ ಯಂತ್ರವು ಶಾಂತವಾಯಿತು. ಚೀಟಿಯು ಮೊದಲಿನಂತೆ ಕ್ಷಣದಲ್ಲಿ ಹೊರಬಂದಿತು.

ಸಾಹುಕಾರರು ಹೊಸ ಸರ್ವರಿನ ಮಾತನ್ನು ಕೈಬಿಟ್ಟರು. ಹುಡುಗಿಯನ್ನು ಕುರಿತು, “ತಂಗೀ, ನಿನ್ನ ಕೆಲಸ ನೀನು ಮಾಡಿಕೊಂಡು ಹೋಗವ್ವ” ಎಂದರು. ಅವಳು ಏನೂ ಅನ್ನದೆ ಮುಂದಿನ ಟ್ರ್ಯಾಕ್ಟರಿನ ನಂಬರನ್ನು ಕೇಳಿದಳು. ಹೊಸ ಯಂತ್ರವು ಬಂದಿದ್ದರೂ ಅದೇ ತಂತಿಯು ಅದರ ಬಾಗಿಲನ್ನೂ ಬಡಿಯುತ್ತಿತ್ತು; ಹೊಸ ಗುಮಾಸ್ತೆಯು ಬಂದಿದ್ದರೂ ಅವಳ ಕೈಯೂ ಸಾವಕಾಶವೆನಿಸುತ್ತಿತ್ತು. ದುಡಿಯುವ ಮನುಷ್ಯನನ್ನಾಗಲಿ ಯಂತ್ರವನ್ನಾಗಲಿ ಜಡವೆಂದು ಜರೆಯುವ ಮೊದಲು, ಅವರನ್ನು ಎಷ್ಟು ಸಲ ಯಾರು ಎಬ್ಬಿಸುತ್ತಿದ್ದಾರೆಂಬದನ್ನು ಎಣಿಸಿ ನೋಡುವದು ನ್ಯಾಯ.

ಹೊರಡುವ ಮುನ್ನ ಶಿಷ್ಯನು ಅಂದಿನ ಶಾಂತಸ್ಥಿತಿಯ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಸರ್ವರಿನ ಮೇಲಣ ಗೋಡೆಗೆ ಅಂಟಿಸಿದನು. ಆರೋಗ್ಯದ ದಿನದ ನಾಡಿಯನ್ನು ಅರಿಯದ ವೈದ್ಯನು ರೋಗದ ದಿನ ಏನನ್ನು ಹಿಡಿದು ಹೋಲಿಸಿಯಾನು?